ಕಾರ್ನ್‌ಬ್ರೆಡ್ ಹೋಗಿ ರಬ್ಬರ್ ಆಯ್ತು: ಮನೆಯಲ್ಲಿ ಸೋಲ್ ಫುಡ್ ಮಾಡುವವರು ಯಾರಾದರೂ ಇದ್ದೀರಾ?

ಮೈಸೂರಿಗೆ ವಾಪಸ್
ಎಲ್ಲರಿಗೂ ನಮಸ್ಕಾರ. ಆರು ವರ್ಷ ಅಟ್ಲಾಂಟಾದ ಹತ್ತಿರ ಇದ್ದು, ಹೋದ ಜೂನ್‌ನಲ್ಲಿ ಮೈಸೂರಿಗೆ ವಾಪಸ್ ಬಂದೆವು. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಆಫ್ರಿಕನ್ ಅಮೆರಿಕನ್ ಅಜ್ಜಿ ಇದ್ದರು. ಅಲಬಾಮಾದ ಹಳ್ಳಿ ಕಡೆಯವರು. ಅಮೆರಿಕದ ದಕ್ಷಿಣದ ಕಪ್ಪು ಜನರ ಮನೆ ಅಡುಗೆಗೆ ಸೋಲ್ ಫುಡ್ ಅನ್ನುತ್ತಾರೆ, ಅವರ ಅಡುಗೆ ಅದೇ. ಪ್ರತಿ ಜನವರಿ 1ಕ್ಕೆ ಅವರ ಮನೆಯಿಂದ ಫಾಯಿಲ್ ಮುಚ್ಚಿದ ತಟ್ಟೆ ಬಂದೇ ಬರುತ್ತಿತ್ತು. ಅಲಸಂದೆ ಕಾಳು ಹಾಕಿದ ಅನ್ನ, ಅದಕ್ಕೆ ಹಾಪಿನ್ ಜಾನ್ ಅನ್ನುತ್ತಾರೆ. ಪಕ್ಕದಲ್ಲಿ ಮೆತ್ತಗೆ ಬೆಂದ ಕಾಲರ್ಡ್ ಸೊಪ್ಪು, ಒಂದು ತುಂಡು ಕಾರ್ನ್‌ಬ್ರೆಡ್, ಅಂದರೆ ಮುಸುಕಿನ ಜೋಳದ ಹಿಟ್ಟಿನ ಬ್ರೆಡ್. "ಕಾಳು ಅಂದ್ರೆ ಚಿಲ್ಲರೆ, ಸೊಪ್ಪು ಅಂದ್ರೆ ನೋಟು, ಬ್ರೆಡ್ ಅಂದ್ರೆ ಬಂಗಾರ. ಮೂರನ್ನೂ ತಿನ್ನು, ವರ್ಷಪೂರ್ತಿ ಕೈ ಖಾಲಿ ಆಗಲ್ಲ" ಅನ್ನುತ್ತಿದ್ದರು. ನಮ್ಮೆಜಮಾನರು ಮಾಂಸ ತಿನ್ನಲ್ಲ ಅಂತ ಗೊತ್ತಾದ ಮೇಲೆ ಅವರಿಗೆ ಬೇರೆ ಪಾತ್ರೆಯಲ್ಲೇ ಸೊಪ್ಪು ಬೇಯಿಸಿ ಕೊಡುತ್ತಿದ್ದರು.

ಈ ವರ್ಷ ನಾನೇ ಮಾಡೋಣ ಅಂತ ಹೊರಟೆ. ಅಂಗಡಿಯಲ್ಲಿ ಕಾರ್ನ್‌ಮೀಲ್ ಕೇಳಿದೆ. "ಕಾರ್ನ್ ಫ್ಲೋರ್ ತಾನೇ ಮೇಡಂ" ಅಂತ ಒಂದು ಪ್ಯಾಕೆಟ್ ಕೊಟ್ಟರು. ಬೆಳ್ಳಗೆ, ಟಾಲ್ಕಂ ಪೌಡರ್ ಥರ ನುಣ್ಣಗೆ ಇತ್ತು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಓವನ್‌ನಿಂದ ತೆಗೆದಾಗ ಬಿಳಿ ರಬ್ಬರ್ ಚಪ್ಪಲಿ. ಚಾಕು ಹಾಕಿದರೆ ಪುಟಿಯುತ್ತಿತ್ತು. ಮಗ ಅದನ್ನು ಗೋಡೆಗೆ ಎಸೆದು ನೋಡಿದ. ಗೋಡೆಗೂ ಏನೂ ಆಗಲಿಲ್ಲ, ಅದಕ್ಕೂ ಏನೂ ಆಗಲಿಲ್ಲ.

ಇನ್ನು ಕಾಲರ್ಡ್ ಸೊಪ್ಪು ದೇವರಾಜ ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಕೋಳಿ ತಿನ್ನುತ್ತೇನೆ, ಹಂದಿ ತಿನ್ನಲ್ಲ. ಈ ಮನೆಯಲ್ಲಿ ಸೋಲ್ ಫುಡ್ ಆಗುತ್ತಾ?

ಒಲೆಮುಂದೆ ಹುಬ್ಳಿ
ಅಕ್ಕಾ, ನಿಮಗೆ ಕೊಟ್ಟಿದ್ದು ಜೋಳದ ಪಿಷ್ಟ. ಗೋಬಿ ಮಂಚೂರಿಗೆ ಹಾಕುತ್ತಾರಲ್ಲ, ಅದು. ನಮ್ಮ ದೇಶದಲ್ಲಿ ಕಾರ್ನ್ ಫ್ಲೋರ್ ಅಂದರೆ ಅದೇ. ನಿಮಗೆ ಬೇಕಿರುವುದು ಇಡೀ ಕಾಳನ್ನು ಬೀಸಿದ ಹಿಟ್ಟು. ನೀವು ಮುಸುಕಿನ ಜೋಳ ಅನ್ನುತ್ತೀರಿ, ನಾವು ಗೋವಿನಜೋಳ ಅನ್ನುತ್ತೇವೆ. ಒಣ ಕಾಳು ತಂದು ಗಿರಣಿಗೆ ಹಾಕಿಸಿ. "ಸಣ್ಣ ರವೆ ಥರ ಇರಲಿ" ಅಂತ ಹೇಳಿ. ಬೆರಳ ಮಧ್ಯೆ ಉಜ್ಜಿದರೆ ಸ್ವಲ್ಪ ತರಿ ಸಿಗಬೇಕು. ಪಂಜಾಬಿ ಮಕ್ಕಿ ಹಿಟ್ಟು ಸಿಕ್ಕರೆ ಅದೂ ನಡೆಯುತ್ತದೆ. ಆದರೆ ಅದು ನುಣ್ಣಗಿರುತ್ತದೆ, ಅರ್ಧ ಕಪ್ ಗೋವಿನಜೋಳದ ರವೆ ಬೆರೆಸಿಕೊಳ್ಳಿ.

ನಾನು ಮಾಡುವ ಅಳತೆ ಇದು. ಒಂದೂವರೆ ಕಪ್ ಗೋವಿನಜೋಳದ ಹಿಟ್ಟು, ಅರ್ಧ ಕಪ್ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು. ಬೇರೆ ಬಟ್ಟಲಲ್ಲಿ ಒಂದೂವರೆ ಕಪ್ ಮಜ್ಜಿಗೆ, ಎರಡು ಮೊಟ್ಟೆ, ಕಾಲು ಕಪ್ ಕರಗಿಸಿದ ಬೆಣ್ಣೆ. ಅಲ್ಲಿಯ ಬಟರ್‌ಮಿಲ್ಕ್ ದಪ್ಪ, ನಮ್ಮ ಮಜ್ಜಿಗೆ ನೀರು. ಹಾಗಾಗಿ ಹುಳಿ ಮೊಸರಿಗೆ ಸ್ವಲ್ಪವೇ ನೀರು ಹಾಕಿ ಕಡೆಯಿರಿ, ದೋಸೆ ಹಿಟ್ಟಿನಷ್ಟು ದಪ್ಪ ಇರಲಿ.

ಮುಖ್ಯ ಕೆಲಸ ಬಾಣಲೆಯದ್ದು. ಕಬ್ಬಿಣದ್ದೇ ಆಗಬೇಕು. ಎರಡು ಚಮಚ ಎಣ್ಣೆ ಅಥವಾ ಬೆಣ್ಣೆ ಹಾಕಿ, ಖಾಲಿ ಬಾಣಲೆಯನ್ನೇ ಓವನ್‌ನಲ್ಲಿಟ್ಟು 220 ಡಿಗ್ರಿಗೆ ಕಾಯಿಸಿ. ಆಮೇಲೆ ಹಿಟ್ಟು ಸುರಿಯಿರಿ. ಚುಂಯ್ ಅನ್ನಬೇಕು. ಅನ್ನದಿದ್ದರೆ ತಳ ಗರಿಗರಿ ಆಗಲ್ಲ, ಸುಮ್ನೆ ಕೇಕ್ ಆಗುತ್ತದೆ. ಇಪ್ಪತ್ತು ನಿಮಿಷ ಸಾಕು.

ರಾಲಿ ರಾಯ
ನಾನು ನಾರ್ತ್ ಕ್ಯಾರೊಲೈನಾದಲ್ಲಿದ್ದೇನೆ. ಹುಬ್ಳಿಯವರು ಸಕ್ಕರೆ ಬಗ್ಗೆ ಏನೂ ಹೇಳದೆ ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ. ಕಾರ್ನ್‌ಬ್ರೆಡ್‌ಗೆ ಸಕ್ಕರೆ ಹಾಕಬೇಕಾ ಬೇಡವಾ ಅಂತ ನಮ್ಮ ಆಫೀಸಿನಲ್ಲಿ ಒಂದು ಇಡೀ ಊಟದ ವಿರಾಮ ಜಗಳ ನಡೆದಿದೆ. ಇಬ್ಬರೂ ಕಪ್ಪು ಜನಾಂಗದವರೇ, ಇಬ್ಬರೂ ಇದೇ ರಾಜ್ಯದವರೇ. ಒಬ್ಬರು "ಸಕ್ಕರೆ ಹಾಕಿದರೆ ಅದು ಕೇಕ್" ಅಂದರು. ಇನ್ನೊಬ್ಬರು "ನಮ್ಮಮ್ಮ ಹಾಕುತ್ತಿದ್ದರು, ಮಾತು ಮುಗಿಯಿತು" ಅಂದರು. ಸಾಂಬಾರಿಗೆ ಬೆಲ್ಲ ಹಾಕುವ ವಿಷಯ ಎತ್ತಿದರೆ ನಮ್ಮಲ್ಲಿ ಏನಾಗುತ್ತದೆ ಅಂತ ನೆನಪಾಗಿ ನಾನು ಬಾಯಿ ಮುಚ್ಚಿಕೊಂಡು ತಿಂದೆ.

ಮಾಲ್ಗುಡಿ ಪ್ಯಾಸೆಂಜರ್
ಸೋಲ್ ಫುಡ್ ಅಂದರೆ ಮಾಲೀಕರು ಬಿಸಾಕಿದ್ದನ್ನು ಗುಲಾಮರು ಬೇಯಿಸಿಕೊಂಡ ಊಟ ಅಂತ ಎಲ್ಲೋ ಓದಿದ್ದೆ. ಹಂದಿಯ ಕಾಲು, ಕರುಳು, ಬಾಲ. ಜೊತೆಗೆ ಎಲ್ಲಾ ಎಣ್ಣೆಯಲ್ಲಿ ಕರಿದದ್ದು. ಅದನ್ನೇ ಇಷ್ಟು ಆಸೆಪಟ್ಟು ಮಾಡಬೇಕಾ? ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ಕೇಳಿದೆ.

ಹಳೆ ಪುಸ್ತಕದ ಅಂಗಡಿ
ಬೇಜಾರಿಲ್ಲ ಸರ್, ಆದರೆ ಇದು ಅರ್ಧ ಕಥೆ. ಈ ಅರ್ಧ ಕಥೆಯೇ ಜಾಸ್ತಿ ಓಡಾಡುತ್ತಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫ್ರೆಡರಿಕ್ ಡಗ್ಲಾಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. 1845ರ ತಮ್ಮ ಆತ್ಮಕಥೆಯಲ್ಲಿ ತೋಟದಲ್ಲಿ ಸಿಗುತ್ತಿದ್ದ ಪಡಿ ಎಷ್ಟು ಅಂತ ಬರೆದಿದ್ದಾರೆ. ದೊಡ್ಡವರೊಬ್ಬರಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿಮಾಂಸ ಅಥವಾ ಅಷ್ಟು ಬೆಲೆಯ ಮೀನು, ಮತ್ತೆ ಒಂದು ಬುಷೆಲ್ ಮುಸುಕಿನ ಜೋಳದ ಹಿಟ್ಟು. ಎಂಟು ಪೌಂಡ್ ಅಂದರೆ ಮೂರೂವರೆ ಕಿಲೋ ಚಿಲ್ಲರೆ. ಬುಷೆಲ್ ಅಂದರೆ ಸುಮಾರು 35 ಲೀಟರ್ ಹಿಡಿಯುವ ಅಳತೆ. ಲೆಕ್ಕ ಹಾಕಿ ನೋಡಿ. ಹೊಟ್ಟೆ ತುಂಬಿಸುತ್ತಿದ್ದದ್ದು ಜೋಳ. ಮಾಂಸ ರುಚಿಗೆ ಮಾತ್ರ, ನಾವು ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ. ಅದರ ಮೇಲೆ ಹೊತ್ತು ಮುಳುಗಿದ ಮೇಲೆ ಗುಡಿಸಲ ಹಿಂದಿನ ತುಂಡು ನೆಲದಲ್ಲಿ ಬೆಳೆದ ಸೊಪ್ಪು, ಕಾಳು, ಗೆಣಸು. ಹೊಳೆಯಲ್ಲಿ ಹಿಡಿದ ಮೀನು. ಕರುಳು, ಕಾಲು ತಿಂದದ್ದು ನಿಜ. ಆದರೆ ಹಂದಿ ಕಡಿದ ದಿನ ಬಿಳಿಯರೂ ಅವನ್ನು ತಿನ್ನುತ್ತಿದ್ದರು.

ಕರಿದ ಕೋಳಿ, ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ, ಪೌಂಡ್ ಕೇಕ್, ಇವೆಲ್ಲ ಭಾನುವಾರದ ಊಟ. ಹಬ್ಬದ ಊಟ. ಸುಮಾರು 1910ರಿಂದ 1970ರವರೆಗೆ ಅರವತ್ತು ಲಕ್ಷದಷ್ಟು ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕ್ ಕಡೆ ಹೋದರು. ಅಲ್ಲಿ ಊರಿನ ಊಟ ಬೇಕು ಅನ್ನಿಸಿದಾಗ ಹೋಟೆಲುಗಳು ಶುರುವಾದವು. ಹೋಟೆಲಿಗೆ ಹೋಗಿ ಯಾರು ಬರೀ ಸೊಪ್ಪು, ಕಾಳು ಕೇಳುತ್ತಾರೆ ಹೇಳಿ? ಹಬ್ಬದ ಅಡುಗೆಯೇ ದಿನವೂ ಸಿಗತೊಡಗಿತು. 1960ರ ದಶಕದಲ್ಲಿ, ಕಪ್ಪು ಅಂದರೆ ಹೆಮ್ಮೆ ಅಂತ ಜನ ಎದೆಯೆತ್ತಿ ಹೇಳುತ್ತಿದ್ದಾಗ, ಅದಕ್ಕೆ ಸೋಲ್ ಫುಡ್ ಅನ್ನುವ ಹೆಸರು ನಿಂತಿತು. ನ್ಯೂಯಾರ್ಕಿನ ಹಾರ್ಲೆಮ್‌ನ ಪ್ರಸಿದ್ಧ ಸಿಲ್ವಿಯಾಸ್ ಹೋಟೆಲು ಶುರುವಾಗಿದ್ದೂ 1962ರಲ್ಲಿ. ನೀವು ಹೇಳುವ ಎಣ್ಣೆ ಜಿಡ್ಡಿನ ಊಟ ಈ ಹೋಟೆಲ್ ತಟ್ಟೆ. ವಾರದ ದಿನಗಳ ತಟ್ಟೆ ಬೇರೆಯೇ ಇತ್ತು. ಮೈಸೂರಿನವರ ಪಕ್ಕದ ಮನೆ ಅಜ್ಜಿ ಕೊಟ್ಟಿದ್ದು ನೋಡಿ: ಕಾಳು, ಸೊಪ್ಪು, ಜೋಳ.

ಕುಂದಾಪ್ರ ಕೋಳಿ
ಇತಿಹಾಸ ಎಲ್ಲ ಸರಿ ಮಾರಾಯ್ರೆ, ಕೋಳಿ ಹೇಗೆ ಕರಿಯುವುದು ಹೇಳಿ.

ರಾಲಿ ರಾಯ
ಕೋಳಿಯನ್ನು ಚರ್ಮದ ಸಮೇತ, ಮೂಳೆ ಸಮೇತ ತುಂಡು ಮಾಡಿಸಿ. ಹುಳಿ ಮಜ್ಜಿಗೆ, ಉಪ್ಪು, ಕಾಳುಮೆಣಸು, ಸ್ವಲ್ಪ ಖಾರದ ಪುಡಿ ಬೆರೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ. ಬೆಳಗ್ಗೆ ಹೊರಗೆ ತೆಗೆದು ಅರ್ಧ ಗಂಟೆ ಬಿಡಿ, ತಣ್ಣಗಿನದನ್ನು ಎಣ್ಣೆಗೆ ಹಾಕಿದರೆ ಹೊರಗೆ ಕಪ್ಪು, ಒಳಗೆ ಹಸಿ. ಮೈದಾಗೆ ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ ಹಾಕಿ ಒತ್ತಿ ಒತ್ತಿ ಹೊರಳಿಸಿ. ಒಂದು ಹತ್ತು ನಿಮಿಷ ಹಾಗೇ ಬಿಡಿ, ಹಿಟ್ಟು ಅಂಟಿಕೊಳ್ಳುತ್ತದೆ. 170 ಡಿಗ್ರಿ ಆಸುಪಾಸು ಎಣ್ಣೆ. ನಾಲ್ಕೇ ತುಂಡು ಒಂದು ಸಲಕ್ಕೆ. ಮಸಾಲೆ ಜಾಸ್ತಿ ಬೇಡ. ಶುಂಠಿ ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ ಹಾಕಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಬೇರೆ ಕೋಳಿ.

ಹಳೆ ಪುಸ್ತಕದ ಅಂಗಡಿ
ಕುಂದಾಪ್ರದವರೇ, ನಿಮ್ಮ ಕೋಳಿಗೂ ಇತಿಹಾಸ ಅಂಟಿಕೊಂಡಿದೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ಸ್ಟೇಷನ್ನಿನಲ್ಲಿ ಕಪ್ಪು ಹೆಂಗಸರು ತಲೆಯ ಮೇಲೆ ತಟ್ಟೆ ಹೊತ್ತು ರೈಲಿನ ಕಿಟಕಿಗೆ ಕರಿದ ಕೋಳಿ ಕೊಡುತ್ತಿದ್ದರು. ಆಗ ಹೆಚ್ಚಿನ ರೈಲುಗಳಲ್ಲಿ ಊಟದ ಬೋಗಿ ಇರಲಿಲ್ಲ. ಆ ದುಡ್ಡಿನಲ್ಲಿ ಮನೆ ನಡೆಸಿದರು, ಕೆಲವರು ಸ್ವಂತ ಮನೆಯನ್ನೇ ಮಾಡಿಕೊಂಡರು. ಮುಂದೆ ಬಣ್ಣಭೇದದ ಕಾನೂನುಗಳ ಕಾಲದಲ್ಲಿ ಪ್ರಯಾಣ ಹೊರಟ ಕಪ್ಪು ಕುಟುಂಬಗಳು ಚಪ್ಪಲಿ ಡಬ್ಬಿಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಕೇಕ್ ತುಂಬಿಕೊಂಡು ಹೋಗುತ್ತಿದ್ದವು. ರುಚಿಗೆ ಅಂತ ಅಲ್ಲ. ದಾರಿಯ ಹೋಟೆಲುಗಳಲ್ಲಿ ಅವರನ್ನು ಒಳಗೆ ಬಿಡುತ್ತಿರಲಿಲ್ಲ.

ಕುಂದಾಪ್ರ ಕೋಳಿ
ಹ್ಮ್. ಇದು ಗೊತ್ತಿರಲಿಲ್ಲ. ಸರಿ, ಓದುತ್ತಾ ಇದ್ದೇನೆ, ಬರೆಯಿರಿ.

ತೊಗರಿ ಬೇಳೆ
ಮೈಸೂರಿನವರ ಯಜಮಾನರ ಪಕ್ಷ ನಾನು. ಮಾಂಸ ಇಲ್ಲದೆ ಮಾಡಿದರೆ ಅದನ್ನು ಸೋಲ್ ಫುಡ್ ಅನ್ನಬಹುದಾ? ಸೊಪ್ಪಿಗೆಲ್ಲ ಹೊಗೆಯಾಡಿಸಿದ ಹಂದಿ ಮೂಳೆ ಹಾಕುತ್ತಾರೆ ಅಂತ ಕೇಳಿದ್ದೆ.

ಹಳೆ ಪುಸ್ತಕದ ಅಂಗಡಿ
ಧಾರಾಳವಾಗಿ ಅನ್ನಬಹುದು ಮೇಡಂ. ಹಂದಿ ಬೇಡ ಅಂದವರು ಅವರಲ್ಲೇ ಬಹಳ ಜನ ಇದ್ದಾರೆ. ನೇಷನ್ ಆಫ್ ಇಸ್ಲಾಂ ಅನ್ನುವ ಕಪ್ಪು ಮುಸ್ಲಿಮರ ಪಂಥದ ಎಲೈಜಾ ಮುಹಮ್ಮದ್ ತಮ್ಮ ಅನುಯಾಯಿಗಳಿಗೆ ಹಂದಿಯಷ್ಟೇ ಅಲ್ಲ, ಕಾಲರ್ಡ್ ಸೊಪ್ಪು, ಕಾರ್ನ್‌ಬ್ರೆಡ್ ಕೂಡ ಬೇಡ, ಅದು ಗುಲಾಮರ ಊಟ ಅಂದರು. ಆ ಪಂಥದವರು ಬಿಳಿ ಬೀನ್ಸ್ ಕಾಳು ಅರೆದು ಸಿಹಿ ಪೈ ಮಾಡಿದರು. ಈಗಲೂ ಅದು ಷಿಕಾಗೊ, ಫಿಲಡೆಲ್ಫಿಯಾ ಬೀದಿಗಳಲ್ಲಿ ಸಿಗುತ್ತದೆ. ಹಾಸ್ಯಗಾರ, ಹೋರಾಟಗಾರ ಡಿಕ್ ಗ್ರೆಗರಿ 60ರ ದಶಕದಲ್ಲೇ ಸಸ್ಯಾಹಾರಿ ಆದರು. ಅಹಿಂಸೆ ಅಂದಮೇಲೆ ಪ್ರಾಣಿಗಳಿಗೂ ಅನ್ವಯಿಸಬೇಕು ಅಂತ ಅವರ ವಾದ. ಎಲೈಜಾ ಅವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಕಾಲರ್ಡ್ ಸೊಪ್ಪು ಏನು ಪಾಪ ಮಾಡಿತ್ತು? ಆದರೆ ಈ ವಾದ ಅವರ ಮನೆಯೊಳಗಿನದ್ದು ಅನ್ನುವುದು ನೆನಪಿರಲಿ.

ಒಲೆಮುಂದೆ ಹುಬ್ಳಿ
ಕಾಲರ್ಡ್ ಅಂದರೆ ಗಡ್ಡೆ ಕಟ್ಟದ ಎಲೆಕೋಸು. ಕಾಶ್ಮೀರಿಗಳ ಹಾಖ್ ಅದರ ಬಳಗವೇ. ಇಲ್ಲಿ ನವಿಲುಕೋಸಿನ ಎಲೆ ತನ್ನಿ. ಎಲೆಕೋಸು, ಹೂಕೋಸು, ನವಿಲುಕೋಸು, ಕಾಲರ್ಡ್ ಎಲ್ಲವೂ ಒಂದೇ ಗಿಡದ ಮಕ್ಕಳು. ತರಕಾರಿಯವರು ಎಲೆ ಕಿತ್ತು ದನಕ್ಕೆ ಹಾಕುತ್ತಾರೆ, ಮೊದಲೇ ಹೇಳಿದರೆ ಎತ್ತಿಟ್ಟು ಕೊಡುತ್ತಾರೆ.

ನಡುವಿನ ದಂಟು ಸೀಳಿ ತೆಗೆಯಿರಿ. ಐದಾರು ಎಲೆ ಒಂದರ ಮೇಲೊಂದು ಇಟ್ಟು ಬೀಡಿ ಥರ ಸುತ್ತಿ ಬೆರಳಗಲ ಹೆಚ್ಚಿ. ಎಣ್ಣೆಯಲ್ಲಿ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ. ಹೊಗೆ ರುಚಿಗೆ ಸ್ಮೋಕ್ಡ್ ಪ್ಯಾಪ್ರಿಕಾ ಒಂದು ಚಮಚ. ಅರ್ಧ ಕಿಲೋ ಸೊಪ್ಪಿಗೆ ನಾಲ್ಕು ಕಪ್ ನೀರು, ಉಪ್ಪು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹಸಿರು ಹೋಗಿ ಆಲಿವ್ ಬಣ್ಣಕ್ಕೆ ಬರುತ್ತದೆ, ಹೆದರಬೇಡಿ, ಹಾಗೇ ಇರಬೇಕು. ಇಳಿಸುವಾಗ ಒಂದು ಚಮಚ ವಿನೆಗರ್.

ಮೈಸೂರಿಗೆ ವಾಪಸ್
ಮುಕ್ಕಾಲು ಗಂಟೆ! ನಮ್ಮತ್ತೆ ಐದು ನಿಮಿಷಕ್ಕಿಂತ ಜಾಸ್ತಿ ಸೊಪ್ಪು ಬೇಯಿಸಿದರೆ ಸತ್ವ ಎಲ್ಲ ಹೋಯಿತು ಅನ್ನುತ್ತಾರೆ.

ರಾಲಿ ರಾಯ
ಸತ್ವ ಎಲ್ಲಾ ಹೋಗಲ್ಲ, ಬಹಳಷ್ಟು ನೀರಿಗೆ ಇಳಿಯುತ್ತದೆ. ಆ ನೀರಿಗೆ ಪಾಟ್ ಲಿಕರ್ ಅಂತಾರೆ. ಯಾರೂ ಚೆಲ್ಲಲ್ಲ. ಹಲ್ಲಿಲ್ಲದ ಮಕ್ಕಳಿಗೆ, ಜ್ವರ ಬಂದವರಿಗೆ ಅದನ್ನೇ ಕೊಡುತ್ತಾರೆ. ಬಸ್ಸಾರು ತಿನ್ನುವ ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾ?

ಒಲೆಮುಂದೆ ಹುಬ್ಳಿ
ಓವನ್ ಇಲ್ಲದವರಿಗೆ ಇನ್ನೊಂದು ಮಾತು. ಹಾಟ್ ವಾಟರ್ ಕಾರ್ನ್‌ಬ್ರೆಡ್ ಅಂತ ಒಂದಿದೆ. ಗೋವಿನಜೋಳದ ಹಿಟ್ಟಿಗೆ ಉಪ್ಪು ಹಾಕಿ, ಕುದಿಯುವ ನೀರು ಸುರಿದು, ಚಮಚದಲ್ಲಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯಲ್ಲಿ ತಟ್ಟಿ ಎಣ್ಣೆಯಲ್ಲಿ ಕರಿಯುವುದು. ಮೊಟ್ಟೆ ಇಲ್ಲ, ಮೈದಾ ಇಲ್ಲ, ಸೋಡಾ ಇಲ್ಲ. ಮೊದಲ ಸಲ ಮಾಡುವಾಗ ನಗು ಬಂತು. ಬಿಳಿಜೋಳದ ರೊಟ್ಟಿಗೆ ನಮ್ಮವ್ವ ಎಸರು ಕಾಯಿಸಿ ಹಿಟ್ಟಿಗೆ ಹಾಕುವುದೂ ಇದೇ ಕಾರಣಕ್ಕೆ. ಈ ಹಿಟ್ಟುಗಳಲ್ಲಿ ಗೋಧಿಯ ಜಿಗುಟು ಇಲ್ಲ, ಬಿಸಿನೀರು ಬಿದ್ದರೆ ಮಾತ್ರ ಕೂಡಿಕೊಳ್ಳುತ್ತದೆ. ನೀರು ಸ್ವಲ್ಪ ತಣ್ಣಗಾದರೂ ಎಣ್ಣೆಯಲ್ಲಿ ಬಿಚ್ಚಿ ಚೂರುಚೂರು ಆಗುತ್ತದೆ. ನನಗೆ ಎರಡು ಸಲ ಆಗಿದೆ.

ತೊಗರಿ ಬೇಳೆ
ಅಲಸಂದೆ, ಬೆಂಡೆಕಾಯಿ, ಗೆಣಸು, ಜೋಳ. ಇದೆಲ್ಲ ನಮ್ಮ ಅಡುಗೆಮನೆಯೇ ಅಲ್ವಾ?

ಹಳೆ ಪುಸ್ತಕದ ಅಂಗಡಿ
ಅಲಸಂದೆಯ ತವರು ಆಫ್ರಿಕಾ. ಅಲ್ಲಿಂದಲೇ ನಮಗೂ ಬಂತು, ಅಮೆರಿಕಕ್ಕೂ ಹೋಯಿತು. ಅಷ್ಟೇ ಯಾಕೆ, ನಮ್ಮ ರಾಗಿ ಕೂಡ ಪೂರ್ವ ಆಫ್ರಿಕಾದ ಎತ್ತರದ ನೆಲದ ಬೆಳೆ. ಲೂಸಿಯಾನಾದ ಗಂಬೋ ಅನ್ನುವ ಸಾರಿನ ಹೆಸರು ಬಂದದ್ದು ಬೆಂಡೆಕಾಯಿಗೆ ಬಂಟು ಭಾಷೆಗಳಲ್ಲಿರುವ ಪದದಿಂದ. ಆದರೆ ಒಂದು ಮಾತು. ನಮಗೆ ಆ ಬೀಜಗಳು ಹಳೆಯ ಕಾಲದ ಓಡಾಟ, ವ್ಯಾಪಾರದ ದಾರಿಯಲ್ಲಿ ಬಂದವು. ಅಲ್ಲಿಗೆ ಹೋದದ್ದು ಗುಲಾಮರನ್ನು ತುಂಬಿದ ಹಡಗುಗಳ ಜೊತೆ. ಸೌತ್ ಕ್ಯಾರೊಲೈನಾದ ಭತ್ತದ ಗದ್ದೆಗಳಿಂದ ಬಿಳಿ ಮಾಲೀಕರು ಸಿರಿವಂತರಾದರು. ಕೆಸರಿನಲ್ಲಿ ನಿಂತವರು ಆಫ್ರಿಕಾದ ಜನ, ಅವರಲ್ಲಿ ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯುವ ಸೀಮೆಯಿಂದ ಹಿಡಿದು ತಂದವರೂ ಇದ್ದರು. ಹಾಗಾಗಿ "ನಮ್ಮದೂ ಅದೇ" ಅನ್ನುವಾಗ ನಾನು ಸ್ವಲ್ಪ ತಡೆಯುತ್ತೇನೆ. ಕಾಳು ಅದೇ. ಕಥೆ ಅದಲ್ಲ.

ತೊಗರಿ ಬೇಳೆ
ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ.

ಮಾಲ್ಗುಡಿ ಪ್ಯಾಸೆಂಜರ್
ನಾನೂ ನನ್ನ ಮೇಲಿನ ಮಾತು ವಾಪಸ್ ತೆಗೆದುಕೊಂಡೆ. ಮ್ಯಾಕರೋನಿ ಹೇಗೆ ಬಂತು ಅದೊಂದು ಹೇಳಿ ಬಿಡಿ. ಅದು ಇಟಲಿಯದ್ದಲ್ವಾ?

ಹಳೆ ಪುಸ್ತಕದ ಅಂಗಡಿ
ಜೇಮ್ಸ್ ಹೆಮಿಂಗ್ಸ್ ಅಂತ ಒಬ್ಬ. ಮುಂದೆ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನ ಗುಲಾಮ. 1784ರಲ್ಲಿ ಜೆಫರ್ಸನ್ ಅವನನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗಿ ಫ್ರೆಂಚ್ ಅಡುಗೆ ಕಲಿಸಿದ. ವಾಪಸ್ ಬಂದ ಮೇಲೆ ಹೆಮಿಂಗ್ಸ್ ಬಿಡುಗಡೆ ಕೇಳಿದ. ಜೆಫರ್ಸನ್ ಷರತ್ತು ಹಾಕಿದ: ನಿನ್ನ ಅಡುಗೆಯನ್ನು ಇನ್ನೊಬ್ಬನಿಗೆ ಕಲಿಸು, ಆಮೇಲೆ ಬಿಡುತ್ತೇನೆ. ಹೆಮಿಂಗ್ಸ್ ತನ್ನ ತಮ್ಮ ಪೀಟರ್‌ಗೆ ಕಲಿಸಿ 1796ರಲ್ಲಿ ಬಿಡುಗಡೆ ಪಡೆದ. ತಮ್ಮ ಗುಲಾಮನಾಗಿಯೇ ಉಳಿದ. ಮ್ಯಾಕರೋನಿ ಚೀಸ್ ಅಮೆರಿಕದ ದೊಡ್ಡಮನೆಗಳ ಊಟಕ್ಕೆ ಬಂದದ್ದು ಇಂಥ ಕೈಗಳಿಂದ. ಹೆಸರು ಮಾತ್ರ ಬಹಳ ಕಾಲ ಜೆಫರ್ಸನ್‌ಗೆ ಹೋಯಿತು.

ಇನ್ನೊಬ್ಬರನ್ನು ಹೇಳದೆ ಇರೋಕೆ ಆಗಲ್ಲ. ಅಲಬಾಮಾದ ಮಾಂಟ್ಗೊಮರಿಯ ಜಾರ್ಜಿಯಾ ಗಿಲ್ಮೋರ್. 1955ರಲ್ಲಿ ಬಸ್ಸುಗಳಲ್ಲಿನ ಬಣ್ಣಭೇದದ ವಿರುದ್ಧ ಕಪ್ಪು ಜನರ ಬಸ್ ಬಹಿಷ್ಕಾರ ಶುರುವಾದಾಗ ಆಕೆ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಕೆಲಸ ಹೋಯಿತು. ಹೆಂಗಸರ ಗುಂಪು ಕಟ್ಟಿ ಕೇಕ್, ಗೆಣಸಿನ ಪೈ, ಕರಿದ ಕೋಳಿ ಮಾರಿ ಹೋರಾಟಕ್ಕೆ ದುಡ್ಡು ಕೊಟ್ಟರು. ಕೊಳ್ಳುವವರಲ್ಲಿ ಬಿಳಿಯರೂ ಇದ್ದರು, ಹೆಸರು ಹೊರಬಂದರೆ ಕಷ್ಟ. ಹಾಗಾಗಿ ದುಡ್ಡು ಎಲ್ಲಿಂದ ಬಂತು ಅಂದರೆ "ಎಲ್ಲಿಂದಲೂ ಇಲ್ಲ" ಅನ್ನುವ ಉತ್ತರ. ಗುಂಪಿನ ಹೆಸರೇ ಕ್ಲಬ್ ಫ್ರಮ್ ನೋವೇರ್. ಬಹಿಷ್ಕಾರ 381 ದಿನ ನಡೆಯಿತು. 1990ರ ಮಾರ್ಚ್‌ನಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ಮೆರವಣಿಗೆಯ 25ನೇ ವರ್ಷದ ನೆನಪಿಗೆ ಬರುವವರಿಗೆ ಅಂತ ಕೋಳಿ, ಮ್ಯಾಕರೋನಿ ಮಾಡುತ್ತಿದ್ದಾಗಲೇ ಆಕೆಗೆ ಹುಷಾರು ತಪ್ಪಿ, ತೀರಿಕೊಂಡರು. ಆ ಅಡುಗೆಯನ್ನು ಸಾವಿಗೆ ಬಂದವರಿಗೆ ಬಡಿಸಿದರು.

ಕುಂದಾಪ್ರ ಕೋಳಿ
ಓದಿ ಸುಮ್ಮನೆ ಕೂತೆ.

ಮೈಸೂರಿಗೆ ವಾಪಸ್
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಭಾನುವಾರ ಎಲ್ಲಾ ಮಾಡಿದೆ. ಗಿರಣಿಯವರು "ಇಷ್ಟು ತರಿ ಯಾಕಮ್ಮ, ಕೋಳಿಗಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ನನ್ನ ಕಬ್ಬಿಣದ ಬಾಣಲೆಯ ಹಿಡಿ ಓಟಿಜಿ ಒಳಗೆ ಹಿಡಿಸಲಿಲ್ಲ. ಕೊನೆಗೆ ಹಿಡಿ ಇಲ್ಲದ ಪಡ್ಡಿನ ಕಾವಲಿಯಲ್ಲಿ ಹಾಕಿದೆ. ಹನ್ನೆರಡು ಪುಟ್ಟ ಕಾರ್ನ್‌ಬ್ರೆಡ್. ಒಂದೊಂದಕ್ಕೂ ಸುತ್ತ ಗರಿಗರಿ ಅಂಚು. ಹನ್ನೆರಡು ನಿಮಿಷಕ್ಕೇ ಬೆಂದವು.

ಅಲಸಂದೆಯನ್ನು ಕುಕ್ಕರ್‌ನಲ್ಲಿ ಮೂರು ಕೂಗು ಕೂಗಿಸಿ ಕೆಟ್ಟೆ, ಮುದ್ದೆ ಆಯಿತು. ರಾತ್ರಿ ನೆನೆಸಿದ್ದಕ್ಕೆ ಒಂದು ಕೂಗು ಸಾಕಿತ್ತು. ಸೊಪ್ಪು ಮಾತ್ರ ಹುಬ್ಳಿಯವರು ಹೇಳಿದ ಹಾಗೇ ಬಂತು. ಅತ್ತೆ ಬಣ್ಣ ನೋಡಿ ಮುಖ ಸಿಂಡರಿಸಿದರು. ಆಮೇಲೆ ಎರಡು ಸಲ ಹಾಕಿಸಿಕೊಂಡರು.

ಸಂಜೆ ಅಲ್ಲಿಯ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರಿಗೆ ಆಗಷ್ಟೇ ಬೆಳಗಾಗಿತ್ತು, ಚರ್ಚ್‌ಗೆ ಹೊರಡುವ ಟೋಪಿ ಹಾಕಿಕೊಂಡಿದ್ದರು. ಪಡ್ಡಿನ ಆಕಾರ ನೋಡಿ ತುಂಬಾ ಹೊತ್ತು ನಕ್ಕರು. ಮೊದಲ ಪ್ರಶ್ನೆ: "ಸಕ್ಕರೆ ಹಾಕಿದ್ಯಾ?" ಒಂದೇ ಚಮಚ ಅಂದೆ. ಮಾತು ನಿಂತಿತು. "ನಾನು ಇಲ್ಲಿರುವಾಗ ಕೇಳಬೇಕಿತ್ತು" ಅಂದರು. ಹಾಕಬಾರದಿತ್ತು ಅಂತಲೋ, ಕಡಿಮೆ ಆಯಿತು ಅಂತಲೋ, ಇನ್ನೂ ಗೊತ್ತಾಗಿಲ್ಲ.

ರಾಲಿ ರಾಯ
ಅಲಬಾಮಾದವರು ಅಂದಿರಲ್ಲ. ನನ್ನ ಊಹೆ, ಹಾಕಬಾರದಿತ್ತು.

ಮೈಸೂರಿಗೆ ವಾಪಸ್
ಮುಂದಿನ ವಾರ ಕೇಳುತ್ತೇನೆ. ಸೊಪ್ಪು ಬೇಯಿಸಿದ ನೀರು ಎರಡು ಲೋಟ ಫ್ರಿಜ್‌ನಲ್ಲಿದೆ. ಬಸ್ಸಾರು ಮಾಡಿಬಿಡಲಾ?

ಒಲೆಮುಂದೆ ಹುಬ್ಳಿ
ಬೇಡ ಅಕ್ಕಾ. ಬಿಸಿ ಮಾಡಿ ಲೋಟಕ್ಕೆ ಹಾಕಿ, ಉಳಿದ ಕಾರ್ನ್‌ಬ್ರೆಡ್ ಅದರಲ್ಲಿ ಮುರಿದು ಹಾಕಿ ಚಮಚದಲ್ಲಿ ತಿನ್ನಿ. ಉಳಿದಿದ್ದರೆ.